ಆಲೆಮನೆಯಲ್ಲಿ ಬರೆಸಿಕೊಂಡ ರಸೀದಿ

ನಮ್ಮ ಕಂಪನಿ ನೋಂದಾಯಿಸಿಕೊಂಡ ಹೆಸರನ್ನು ಬೇರೆಯವರು ಬಳಸಿದರೆ ಪುರಾವೆ ತರುವುದು ನನ್ನ ಕೆಲಸ. ಹಾಗೇ ಒಮ್ಮೆ ಮದ್ದೂರು ಕಡೆಯ ಒಂದು ಆಲೆಮನೆಗೆ ಹೋದೆ. ಅಲ್ಲಿ ಬೆಲ್ಲದ ಪೊಟ್ಟಣಗಳ ಮೇಲೆ 'ದೊಡ್ಡತಾಯಮ್ಮ' ಎಂದಿತ್ತು. ಕಾಗದದ ಪ್ರಕಾರ ಆ ಹೆಸರು ನಮ್ಮದು.

ವಯಸ್ಸಾದ ಯಜಮಾನರು ಮೊದಲು ಕಬ್ಬಿನ ಹಾಲು ಕೊಟ್ಟರು, ಆಮೇಲೆ ಬಿಸಿ ಬೆಲ್ಲ. ತಿಂದು ಮುಗಿಸಿ, ಒಂದು ಪೊಟ್ಟಣ ಕೊಳ್ಳುತ್ತೇನೆ ಎಂದೆ.

"ಆಲೆಮನೆಗ್ ಬಂದೋರತ್ರ ಕಾಸ್ ಈಸ್ಕೊಳಾದುಂಟಾ? ಸುಮ್ನೆ ತಕೊಂಡೋಗಪ್ಪ."

ಸುಮ್ಮನೆ ಕೊಟ್ಟರೆ ಅದು ಮಾರಾಟವಲ್ಲ, ಕೇಸೂ ನಿಲ್ಲುವುದಿಲ್ಲ. ಆಗಲೇ ಕೈಮುಗಿದು ಬಂದುಬಿಡಬಹುದಿತ್ತು. ಬರಲಿಲ್ಲ. "ಆಫೀಸಲ್ಲಿ ರಸೀದಿ ಕೇಳ್ತಾರೆ ಯಜಮಾನ್ರೇ" ಎಂದು ದುಂಬಾಲು ಬಿದ್ದೆ.

"ರಸೀದಿಗಿಸೀದಿ ನಾವ್ ಯಾರ್ಗೂ ಬರ್ದೋರಲ್ಲ. ನಿನ್ ಕೆಲ್ಸಕ್ ತೊಂದ್ರೆ ಆಗಾದ್ ಬ್ಯಾಡ, ಬುಡು" ಎಂದು ಕಾಸು ತೆಗೆದುಕೊಂಡು, ನೋಟ್‌ಬುಕ್ಕಿನ ಹಾಳೆ ಹರಿದರು. ಮೇಲ್ಗಡೆ ಹೆಸರನ್ನು ದಪ್ಪಗೆ ಬರೆದು, "ನಮ್ಮವ್ವನ್ ಎಸ್ರು ಕಣಪ್ಪ" ಎಂದರು.

ನೋಟೀಸು ಹೋಯಿತು. ಹೆಸರು ಮೊದಲಿಂದಲೂ ತಮ್ಮದೇ ಎಂದು ತೋರಿಸಲು ಅವರಿಗೆ ಹಳೆಯ ರಸೀದಿಗಳು ಬೇಕಿದ್ದವು. ಅವರು ಬರೆದಿದ್ದು ಒಂದೇ ಒಂದು. ಅದು ನಮ್ಮ ಕಡತದಲ್ಲಿ ಭದ್ರವಾಗಿದೆ.