ಕೋಲು ಹಿಡಿದವಳು

ಕೊನಾಡುವಿಗೆ ಹೊಟ್ಟೆಕಿಚ್ಚು ಹೊಸದಲ್ಲ. ಕುಮಾಸಿ ಪಟ್ಟಣದ ಸುಆಮೆ ಬಡಾವಣೆಯಲ್ಲಿ, ಗ್ಯಾರೇಜುಗಳ ಬೀದಿಯಲ್ಲಿ, ಮೆಕ್ಕೆಜೋಳದ ಹುಳಿಹಿಟ್ಟಿನ ಕೆಂಕೆ ಉಂಡೆ ಬೇಯಿಸಿ ಮಾರುವ ಈ ಹೆಂಗಸು ಪಕ್ಕದ ಒಲೆಯ ಮುಂದೆ ಇಬ್ಬರು ಗಿರಾಕಿ ಹೆಚ್ಚಿಗೆ ನಿಂತರೂ ಮುಖ ಊದಿಸಿಕೊಳ್ಳುವವಳೇ. ಗಂಡನ ವಿಷಯಕ್ಕೆ ಬಂದರಂತೂ ಕೇಳುವುದೇ ಬೇಡ.

ಗಂಡ ಅಡುಸೆಯ್ ಗಾಡಿಗಳ ವೈರಿಂಗ್ ಮಾಡುವವನು. ಪೆಟ್ರೋಲ್ ಬೆಲೆ ತಾಳಲಾರದೆ ತನ್ನ ಹಳೇ ಕಾರಿನ ಎಂಜಿನ್ ಕಿತ್ತು, ಮನೆಯಂಗಳದಲ್ಲೇ ಮೋಟಾರು, ಬ್ಯಾಟರಿ ಕೂರಿಸಿ ಕರೆಂಟಿನ ಕಾರು ಮಾಡಿಕೊಂಡಿದ್ದ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಸುತ್ತ ರಬ್ಬರು ಪಟ್ಟಿ, ವೈರು ಹೋಗುವ ತೂತುಗಳಿಗೆಲ್ಲ ಅಂಟು. ಆದರೂ ನೀರು ನಿಂತ ರಸ್ತೆ ದಾಟಿ ಬಂದರೆ ಪೆಟ್ಟಿಗೆ ಬಿಚ್ಚಿ ನೋಡಲೇಬೇಕು. ಸ್ವಿಚ್ ಆರಿಸಿದರೂ ಬ್ಯಾಟರಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಅದಕ್ಕೇ ಅವನು ಗವಸು ಹಾಕಿಕೊಂಡರೂ ಒಬ್ಬನೇ ಬಿಚ್ಚುತ್ತಿರಲಿಲ್ಲ. ಹಿಂದೆ ಒಬ್ಬರು ಒಣ ಕೋಲು ಹಿಡಿದು ನಿಂತಿರಬೇಕು. ಕರೆಂಟು ಹಿಡಿದುಕೊಂಡರೆ ಹೊಡೆದು ಕೈ ಬಿಡಿಸಬೇಕು.

ಆ ಕೋಲು ಹಿಡಿಯುತ್ತಿದ್ದವಳು ಪಕ್ಕದ ಮನೆಯ ಪೊಮಾ. ಬಟ್ಟೆ ಹೊಲಿಯುವವಳು, ಗಂಡ ಸತ್ತವಳು, ನಗುಮುಖದವಳು, ಕೊನಾಡುವಿಗಿಂತ ಚಿಕ್ಕವಳು ಬೇರೆ. ಹೊಟ್ಟೆ ಉರಿಯಲು ಇನ್ನೇನು ಬೇಕು?

ಅವತ್ತು ಮಧ್ಯಾಹ್ನ ದೊಡ್ಡ ಮಳೆ ನಿಂತ ಮೇಲೆ ಕೊನಾಡು ಖಾಲಿ ಪಾತ್ರೆ ಹೊತ್ತು ಮನೆಗೆ ಬಂದರೆ, ಅಂಗಳದಲ್ಲಿ ಗಂಡ ತನ್ನ ಮದುವೆಯ ಉಂಗುರ ತೆಗೆದು ಪೊಮಾಳ ಅಂಗೈಗೆ ಹಾಕುತ್ತಿದ್ದಾನೆ. ಕೊನಾಡುವಿನ ಮೈಯೆಲ್ಲ ಉರಿದುಹೋಯಿತು.

"ಉಂಗುರಾನೂ ಕೊಟ್ಟಾಯ್ತಾ? ಇನ್ನು ಪಾದ್ರೀನ ಕರೆಸೋದೊಂದು ಬಾಕಿ."

"ಕೆಲಸ ಮಾಡುವಾಗ ಕೈಲಿ ಲೋಹ ಇರಬಾರದು ಕಣೇ," ಎಂದ ಅಡುಸೆಯ್.

"ನನ್ನ ಕೈಗೇನು ಹುಳ ಹಿಡಿದಿತ್ತಾ? ಇಷ್ಟು ವರ್ಷ ನಿನ್ನ ಹೊಟ್ಟೆಗೆ ಹಾಕಿದ್ದು ನಾನು. ಜೀವ ಕಾಯೋಕೆ ಮಾತ್ರ ಇವಳು ಬೇಕಾ?"

ಪೊಮಾ ಕೋಲು ಮುಂದೆ ಚಾಚಿದಳು. "ತಗೊಳಿ ಅಕ್ಕಾ, ನೀವೇ ಹಿಡ್ಕೊಳಿ. ನನಗೂ ಹೊಲಿಗೆ ರಾಶಿ ಬಿದ್ದಿದೆ."

ಕೊನಾಡು ಕೈ ನೀಡಿದಳು.

"ಬೇಡ. ಅವಳಿಗೆ ಕೊಡಬೇಡ," ಎಂದ ಅಡುಸೆಯ್.

ಎದೆಗೆ ಒದ್ದ ಹಾಗಾಯಿತು ಕೊನಾಡುವಿಗೆ. ಅದೂ ಆ ಹೆಂಗಸಿನ ಎದುರಿಗೆ. ಕಣ್ಣು ತುಂಬಿದರೂ ಅವಳು ಜಾಗ ಬಿಟ್ಟು ಕದಲಲಿಲ್ಲ.

"ಯಾಕೆ? ಇವತ್ತು ಹೇಳಲೇಬೇಕು ನೀನು."

"ಹೋದ ವರ್ಷ ಫ್ರಿಜ್ಜಿನ ವೈರು ನನ್ನ ಹಿಡ್ಕೊಂಡಾಗ ಏನು ಮಾಡಿದೆ?"

"ಇನ್ನೇನು ಮಾಡ್ಲಿ? ಓಡಿ ಬಂದು ತಬ್ಬಿ ಎಳೆದೆ."

"ಎಳೆದೆ, ನಿನ್ನನ್ನೂ ಹಿಡ್ಕೊಳ್ತು. ಅಷ್ಟರಲ್ಲಿ ಊರಿನ ಕರೆಂಟೇ ಹೋಯ್ತು, ಬದುಕಿದ್ವಿ. ಈ ಬ್ಯಾಟರಿ ಹಾಗೆಲ್ಲ ಹೋಗಲ್ಲ. ನೀನು ಕೋಲು ಬಿಸಾಕಿ ಬಂದು ನನ್ನ ತಬ್ಕೋತೀಯ. ಇವಳಿಗೆ ನಾನು ಯಾರೂ ಅಲ್ಲ. ಇವಳು ಹೊಡೀತಾಳೆ."

ಕೊನಾಡುವಿನ ಹೊಟ್ಟೆಕಿಚ್ಚೇನೂ ಆರಿರಲಿಲ್ಲ, ಪೊಮಾಳ ಸಣ್ಣ ಮಣಿಕಟ್ಟುಗಳನ್ನು ಕಂಡು ಈಗ ಅದರ ಜೊತೆಗೆ ಹೆದರಿಕೆಯೂ ಹುಟ್ಟಿತು. ಹತ್ತಿರ ಹೋಗಿ ಅವಳ ಎರಡೂ ಕೈಗಳನ್ನು ಕೋಲಿನ ಮೇಲೆ ಬಿಗಿಯಾಗಿ ಕೂರಿಸಿದಳು.

"ಮೂಳೆ ಮುರಿದ್ರೂ ನಾನೇನೂ ಅನ್ನಲ್ಲ," ಎಂದಳು. "ಜೋರಾಗಿ ಹೊಡಿ."

ಆಮೇಲೆ ಅಂಗಳದ ಆಚೆ ತುದಿಗೆ ಹೋಗಿ, ತನ್ನ ಕೈಗಳೆರಡನ್ನೂ ಬೆನ್ನ ಹಿಂದೆ ಒಂದಕ್ಕೊಂದು ಹೆಣೆದು, ಗೋಡೆಗೆ ಒತ್ತಿ ಹಿಡಿದು ನಿಂತಳು.