ಕನ್ನಡಿಯ ಹಿಂದಿನ ದೀಪ

ನಮ್ಮ ವಿನ್ನಿಪೆಗ್ ಆಫೀಸಿನ ಆರ್ಡಿತ್ ಕೊವಲ್ಚುಕ್‌ಳನ್ನು ನಾನು ಎಂದೂ ನಂಬಿದವನಲ್ಲ. ಮನೆಗೆ ಔಷಧಿ ತರಿಸುವ ಆ್ಯಪ್ ಕಟ್ಟುವವರು ನಾವು. ಜನ ಅದನ್ನು ಬಳಸುವಾಗ ಪಕ್ಕದಲ್ಲಿ ಕೂತು ನೋಡುವುದಷ್ಟೇ ಅವಳ ಕೆಲಸ. ಅದಕ್ಕೂ ಸಂಬಳ! 'ಇವತ್ತು ಚಳಿ ಜಾಸ್ತಿ ಅಲ್ವಾ?' ಎಂದರೂ 'ನಿಮಗೆ ಹಾಗನ್ನಿಸ್ತಾ?' ಎಂದು ನಮ್ಮ ಬಾಯನ್ನೇ ಬಿಡಿಸುತ್ತಾಳೆ. ಮ್ಯಾನೇಜರನ ಗೂಢಚಾರಿಣಿಯೇ ಇರಬೇಕು. ಹಂಚುವ ಡೋನಟ್ಟೂ ಲಂಚದಂತೆ ಕಾಣುತ್ತದೆ. ಬಂದವರು ಪರದೆಯ ಮುಂದೆ ಎಷ್ಟು ಒದ್ದಾಡಿದರೂ ತೋರಿಸಿಕೊಡುವುದಿಲ್ಲ. ಬೆರಳು ತಾನಾಗಿ ಮುಂದೆ ಹೋದೀತೆಂದು ಎರಡೂ ಕೈಗಳ ಮೇಲೆ ಕೂತುಬಿಡುತ್ತಾಳೆ. ಎಂಥ ಕಲ್ಲು ಮನಸ್ಸು! ನಮ್ಮ ಕಡೆಯಿಂದ ಮಾತ್ರ ಆಚೆ ಕಾಣುವ ಕನ್ನಡಿಯ ಹಿಂದೆ, ಕತ್ತಲಲ್ಲಿ ಕೂತು ನಾವದನ್ನೆಲ್ಲ ನೋಡುತ್ತೇವೆ. ಮೊನ್ನೆ ಒಬ್ಬ ಅಜ್ಜಿ ಗಂಡನ ಹೃದಯದ ಮಾತ್ರೆ ತರಿಸಲು ಹೋಗಿ, ನಾವು ಪಕ್ಕಪಕ್ಕದಲ್ಲೇ ಇಟ್ಟಿದ್ದ 'ತರಿಸಿ', 'ರದ್ದು' ಗುಂಡಿಗಳಲ್ಲಿ ತಪ್ಪಾದದ್ದನ್ನೊತ್ತಿ, ಆರ್ಡರನ್ನು ಮತ್ತೆ ಮತ್ತೆ ರದ್ದು ಮಾಡಿಕೊಂಡಳು. 'ಬೇಜಾರು ಮಾಡ್ಕೋಬೇಡಮ್ಮ, ನಾನೇ ದಡ್ಡಿ' ಎಂದಳು. ನಾವು ಬಿದ್ದು ಬಿದ್ದು ನಕ್ಕೆವು. ಆರ್ಡಿತ್ ಎದ್ದು ಬಂದು ಕನ್ನಡಿಯ ಪಕ್ಕದ, ಅವರ ಕಡೆಯ ಗೋಡೆಯ ಸ್ವಿಚ್ ಒತ್ತಿದಳು. ನಮ್ಮ ಕೋಣೆಯ ದೀಪ ಹೊತ್ತಿ, ಕನ್ನಡಿ ಕಿಟಕಿಯಾಯಿತು. 'ದಡ್ಡರು ನೀವಲ್ಲಮ್ಮ. ಇದನ್ನ ಮಾಡಿದೋರು ಅಲ್ಲಿ ಕೂತಿದಾರೆ, ನೋಡಿ.' ಅಜ್ಜಿ ನೋಡಿದಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ನಾನು ಅವುಗಳ ಮೇಲೆ ಕೂತೆ.