ಸೋಮವಾರದ ಮಣ್ಣು

ಫರ್ಹತ್ ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ ಕೃಷ್ಣರಾಜಪೇಟೆಗೆ ಸೊಸೆಯಾಗಿ ಬಂದವಳು. ಮಗಳಿಗೆ ಎರಡು ತುಂಬುವ ಹೊತ್ತಿಗೆ ಮಣ್ಣು ಪರೀಕ್ಷೆಯ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ಮಗುವನ್ನು ಅತ್ತೆ ಕಮರುನ್ನೀಸಾರ ಮಡಿಲಿಗೆ ಹಾಕಿ, ಟಾರ್ಚಿನಂಥ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದಳು. ಒಣಗಿಸಿ ಜರಡಿ ಹಿಡಿದ ಮಣ್ಣಿನ ಮೇಲೆ ಅದನ್ನಿಟ್ಟರೆ ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಬೀಳುತ್ತದೆ. ಮಣ್ಣು ಎಷ್ಟು ಬೆಳಕು ನುಂಗಿತು, ಎಷ್ಟು ವಾಪಸು ಕೊಟ್ಟಿತು ಎಂಬುದರಿಂದ ಜೇಡಿ ಎಷ್ಟು, ಸಾವಯವ ಇಂಗಾಲ ಎಷ್ಟು ಎಂದು ಅರ್ಧ ನಿಮಿಷದಲ್ಲಿ ಮೊಬೈಲಿಗೆ ಬರುತ್ತದೆ. ಯಂತ್ರ ಸುಳ್ಳು ಹೇಳದು ಎಂದು ಅವಳು ನಂಬಿದ್ದಳು.

ಅಕ್ಕಿಹೆಬ್ಬಾಳಿನ ಆಚೆಯ ಸಣ್ಣ ಊರೊಂದು ಅವಳ ಪಾಲಿಗೆ ಸೋಮವಾರ ಬಿತ್ತು. ಜೂನ್ ತಿಂಗಳಿಡೀ, ಸೋಮವಾರ ಬೆಳಗ್ಗೆ ಡೈರಿಗೆ ಹಾಲು ಹಾಕಲು ಬಂದವರಿಗೆ, ಹೊಲದಲ್ಲಿ ಐದು ಕಡೆ ಗೇಣು ಆಳ ಅಗೆದು ಹತ್ತು ಗಂಟೆಯೊಳಗೆ ಮಣ್ಣು ತನ್ನಿ ಎನ್ನುತ್ತಿದ್ದಳು. ಜನ ತಂದರು. ತಾನೇ ಹೊಲಕ್ಕೆ ಹೋಗಿ ನೋಡಬಹುದಿತ್ತು. ಮಗಳಿಗೆ ಜ್ವರವೆಂದು, ಊಟ ಬಿಟ್ಟಿದ್ದಾಳೆಂದು, ಪ್ರತಿ ಸಲವೂ ಮಧ್ಯಾಹ್ನ ಒಂದರ ಬಸ್ಸಿಗೆ ಓಡುತ್ತಿದ್ದಳು. ನಲವತ್ತಮೂರು ಮನೆಗೆ ಚೀಟಿ ಕೊಟ್ಟಳು. ಎಲ್ಲರದೂ ಫಲವತ್ತಾದ ಮಣ್ಣು, ಮೇಲುಗೊಬ್ಬರ ಬೇಕಿಲ್ಲ. ಅವಳಿಗೆ ಅನುಮಾನ ಬರಲಿಲ್ಲ, ಖುಷಿಯಾಯಿತು.

ಸೆಪ್ಟೆಂಬರಿನಲ್ಲಿ ಬೆಟ್ಟಮ್ಮನ ಫೋನು ಬಂತು. ವರ್ಷದ ಊಟಕ್ಕೆಂದು ಒಂದೆಕರೆ ರಾಗಿ ಬಿತ್ತಿ, ಚೀಟಿಯಲ್ಲಿದ್ದಂತೆ ನಡೆದುಕೊಂಡ ಹೆಂಗಸು. ಫರ್ಹತ್ ಹೋಗಿ ನೋಡಿದಳು. ಮೊಣಕಾಲೆತ್ತರವೂ ಬಾರದ ಹಳದಿ ಪೈರು, ಗರಸು ಗರಸಾದ ಕೆಂಪು ನೆಲ. ಅಲ್ಲಿಯ ಮಣ್ಣಿಗೆ ಯಂತ್ರ ಇಟ್ಟರೆ ಇಂಗಾಲ ಇಲ್ಲವೇ ಇಲ್ಲ. ಅವತ್ತು ಮಣ್ಣು ಎಲ್ಲಿಂದ ತಂದಿರಿ ಎಂದು ಕೇಳಿದಳು.

"ಅವತ್ತು ಸ್ವಾಮಾರ ಕಣವ್ವ. ಸ್ವಾಮಾರ ಎತ್ತು ಕಟ್ಟಕ್ಕಿಲ್ಲ, ಬೂಮಿಗೆ ಗುದ್ಲಿ ಆಕಕ್ಕಿಲ್ಲ. ವಲಕ್ಕೆ ಆಕವಾ ಅಂತ ಕೆರೆ ಗೋಡು ವಡ್ಸಿ ಇತ್ಲಲ್ಲಿ ಸುರ್ದಿದ್ವಲ್ಲ, ಅದ್ರಲ್ಲಿ ಒಂದ್ ಬೊಗ್ಸೆ ತಂದ್ಕೊಟ್ಟೆ."

"ಬೇರೆಯವರು?"

"ಎಲ್ಲಾರೂ ಅಂಗೇಯ. ಸ್ವಾಮಾರ ಯಾರ್ ಅಗ್ದಾರು?"

ಹೊಲ ಚೆನ್ನಾಗಿದೆ ಎಂದು ಚೀಟಿ ಹೇಳಿದ್ದರಿಂದ ಬೆಟ್ಟಮ್ಮ ಆ ಗೋಡನ್ನೂ, ಕೆರೆಯ ಆ ಫಲವತ್ತಾದ ಹೂಳನ್ನು, ಹೊಲಕ್ಕೆ ಹಾಕದೆ ತೆಂಗಿನ ಬುಡಕ್ಕೆ ಹಾಕಿಬಿಟ್ಟಿದ್ದಳು.

ಫರ್ಹತ್ ಬದುವಿನ ಮೇಲೆ ಕೂತು ಸಂಸ್ಥೆಯ ಮೇಲಧಿಕಾರಿ ಸಂತೋಷ್‌ಗೆ ಫೋನು ಮಾಡಿದಳು. ಮಣ್ಣು ತಂದವರು ಅವರು, ನೀವು ಬಾಯಿ ಮುಚ್ಚಿಕೊಂಡಿರಿ, ಇಲ್ಲದಿದ್ದರೆ ಯಂತ್ರ ಬೇರೆಯವರ ಕೈಗೆ ಹೋಗುತ್ತದೆ ಎಂದ. ಮಗಳ ಮುಖ ಕಣ್ಣಮುಂದೆ ಬಂತು. ಆದರೂ ಎದ್ದಳು. ಎರಡು ದಿನ ಮನೆಮನೆಗೆ ಹೋಗಿ, ಚೀಟಿ ನಂಬಬೇಡಿ, ಪೈರು ಎಳೆಯದಾಗಿದ್ದರೆ ಈಗಲೇ ಗೊಬ್ಬರ ಹಾಕಿ ಎಂದಳು. ಕೆಲವರು ಬೈದರು. ಚೀಟಿಯನ್ನು ಸೂರಿಗೆ ಸಿಕ್ಕಿಸಿ ತನ್ನ ಪಾಡಿಗೆ ಬೇಸಾಯ ಮಾಡಿದ್ದ ಜವರಯ್ಯ ಮಾತ್ರ ನಕ್ಕ: "ನಿನ್ ಬ್ಯಾಟ್ರಿಗಿಂತ ನಮ್ಮೆಮ್ಮೆ ವಾಸಿ ಕಣವ್ವ. ಮೂಸ್ ನೋಡಿ ಬಾಯಾಕ್ತದೆ."

ಮೂರನೆಯ ದಿನ ಸಂತೋಷ್ ಯಂತ್ರ ಇಸಿದುಕೊಂಡು ಹೋದ.

ತಡವಾಗಿ ಬಿತ್ತಿದವರ ಪೈರು ಅಷ್ಟಿಷ್ಟು ಚೇತರಿಸಿಕೊಂಡಿತು. ಬೆಟ್ಟಮ್ಮನದು ಆಗಲೇ ತೆನೆ ಬಿಟ್ಟಿತ್ತು, ಕಾಳಿರಲಿಲ್ಲ. ಫರ್ಹತ್ ಹೋದಾಗ ಅವಳು ರಾಗಿಯನ್ನು ಹಸಿಯಾಗೇ ದನಕ್ಕೆ ಕೊಯ್ಯುತ್ತಿದ್ದಳು.

"ತಪ್ಪು ನಂದು, ಅಮ್ಮ."

ಬೆಟ್ಟಮ್ಮ ಕುಡುಗೋಲು ನಿಲ್ಲಿಸಲಿಲ್ಲ. "ನೀ ಕೇಳ್ನಿಲ್ಲ, ನಾ ಏಳ್ನಿಲ್ಲ. ಬರೋ ವರ್ಸಗಂಟ ಏನ್ ಉಣ್ಣಾದು ಅಂತ ಈಗ ನಮ್ಮಿಬ್ರಲ್ಲಿ ಯಾರ್ ಏಳಾದು?"

ಫರ್ಹತ್ ಬಗ್ಗಿ, ಕೊಯ್ದಿದ್ದನ್ನು ಕಂತೆ ಕಟ್ಟತೊಡಗಿದಳು. ಬೆಟ್ಟಮ್ಮ ಮುಂದಿನ ಹಿಡಿ ಕೊಯ್ದು ಅವಳತ್ತ ಹಾಕಿದಳು.